ಗೊಂದಲ ಮಾಸದ 6ನೇ ದಿನ ಹುಟ್ಟಿದವರು: ಒಂದು ತಮಾಷೆ ಕ್ಯಾಲೆಂಡರ್, ಮಾದಪ್ಪನ ಅಮಾವಾಸ್ಯೆ ಮತ್ತು ಅಜ್ಜಿಯ ಹುಟ್ಟಿದ ದಿನ

(ಆಡಿಯೋ ಎಪಿಸೋಡಿನ ಬರಹ ರೂಪ. ಓದಲು ಸುಲಭವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಕೇಳ್ತಿರೋರಿಗೂ, ಇಲ್ಲಿಂದ ಹೋಗಿ ಬೆಂಗಳೂರು, ಮೈಸೂರು, ತಿರುಪ್ಪೂರಲ್ಲಿ ಕೆಲಸ ಮಾಡ್ತಾ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ ಸ್ವಾಗತ.

ಇವತ್ತಿನ ವಿಷಯ ಒಂದು ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ. ಹೆಸರು ಡಿಡೇಟ್. ಇಂಗ್ಲಿಷಲ್ಲಿ ಡೇಟ್ ಅಂತ ಬರೆದು ಮುಂದೆ ಇನ್ನೊಂದು ಡಿ ಸೇರಿಸಿದ್ರೆ ಅದೇ ಹೆಸರು. ಅದರ ಕೆಲಸ ಒಂದೇ: ನೀವು ಒಂದು ತಾರೀಕು ಕೊಟ್ರೆ, ಆ ತಾರೀಕನ್ನ ಒಂದು ತಮಾಷೆ ಧರ್ಮದ ಕ್ಯಾಲೆಂಡರಿಗೆ ಬದಲಾಯಿಸಿ ಹೇಳುತ್ತೆ. ಯಾರಿಗೂ ಉಪಯೋಗ ಇಲ್ಲದ ಕೆಲಸ ಅಂತ ಅನ್ನಿಸಬಹುದು. ಆದ್ರೆ ಕ್ಯಾಲೆಂಡರ್ ಒಳಗೆ ಏನಿರುತ್ತೆ, ತಾರೀಕು ಬದಲಾಯಿಸೋದು ಅಂದ್ರೇನು ಅಂತ ಕಲಿಯೋಕೆ ಇದಕ್ಕಿಂತ ಸುಲಭದ ದಾರಿ ನಂಗೆ ಗೊತ್ತಿಲ್ಲ. ಅದನ್ನ ಕಲಿತ್ರೆ ನಮ್ಮ ಮನೆಯ ಹಿರಿಯರ ಒಂದು ದೊಡ್ಡ ಸಮಸ್ಯೆ ಅರ್ಥ ಆಗುತ್ತೆ. ಕೊನೆಗೆ ಅಲ್ಲಿಗೇ ಬರ್ತೀನಿ.

ಜಗಳದ ದೇವತೆಯ ಧರ್ಮ

ಮೊದಲು ಆ ತಮಾಷೆ ಧರ್ಮ ಯಾವುದು ನೋಡೋಣ. 1960ರ ದಶಕದಲ್ಲಿ ಅಮೆರಿಕದ ಗ್ರೆಗ್ ಹಿಲ್ ಮತ್ತು ಕೆರಿ ಥಾರ್ನ್ಲಿ ಅನ್ನೋ ಇಬ್ಬರು ಗೆಳೆಯರು ಸೇರಿ 'ಪ್ರಿನ್ಸಿಪಿಯಾ ಡಿಸ್ಕಾರ್ಡಿಯಾ' ಅಂತ ಒಂದು ಪುಸ್ತಕ ಮಾಡಿದ್ರು. ಗ್ರೀಕ್ ಪುರಾಣದಲ್ಲಿ ಏರಿಸ್ ಅಂತ ಒಬ್ಬ ದೇವತೆ ಇದ್ದಾಳೆ, ಜಗಳ ಹಚ್ಚೋ ದೇವತೆ. ಇವರ ಧರ್ಮಕ್ಕೆ ಅವಳೇ ಅಧಿದೇವತೆ. ಧರ್ಮದ ಹೆಸರು ಡಿಸ್ಕಾರ್ಡಿಯನಿಸಂ. ಧರ್ಮದ ಹೆಸರಲ್ಲಿ ತಮಾಷೆಯೋ, ತಮಾಷೆ ಹೆಸರಲ್ಲಿ ಧರ್ಮವೋ ಅಂತ ಅದರ ಅನುಯಾಯಿಗಳೇ ನಗ್ತಾ ಕೇಳ್ತಾರೆ.

ಧರ್ಮ ಅಂದಮೇಲೆ ಒಂದು ಪಂಚಾಂಗ ಬೇಡ್ವಾ? ಅದನ್ನೂ ಮಾಡಿಕೊಂಡ್ರು. ಅವರಿಗೆ 5 ಪವಿತ್ರ ಸಂಖ್ಯೆ. ವರ್ಷದ 365 ದಿನವನ್ನ 5ರಿಂದ ಭಾಗಿಸಿದ್ರೆ ಸರಿಯಾಗಿ 73 ಬರುತ್ತೆ, ಶೇಷ ಇಲ್ಲ. ಹಾಗಾಗಿ ವರ್ಷಕ್ಕೆ 5 ಋತು, ಒಂದೊಂದಕ್ಕೂ 73 ದಿನ. ವಾರಕ್ಕೂ 5 ದಿನ.

ಋತುಗಳ ಹೆಸರು ಕೇಳಿ. ಮೊದಲನೇದು ಕೇಯಾಸ್, ಅಂದ್ರೆ ಅವ್ಯವಸ್ಥೆ: ಜನವರಿ 1ರಿಂದ ಮಾರ್ಚ್ 14. ಎರಡನೇದು ಡಿಸ್ಕಾರ್ಡ್, ಅಂದ್ರೆ ಜಗಳ: ಮಾರ್ಚ್ 15ರಿಂದ ಮೇ 26. ಮೂರನೇದು ಕನ್‌ಫ್ಯೂಷನ್, ಗೊಂದಲ: ಮೇ 27ರಿಂದ ಆಗಸ್ಟ್ 7. ನಾಲ್ಕನೇದು ಬ್ಯೂರಾಕ್ರಸಿ, ನಮ್ಮ ಮಾತಲ್ಲಿ ಕಚೇರಿ ಕಾರುಬಾರು: ಆಗಸ್ಟ್ 8ರಿಂದ ಅಕ್ಟೋಬರ್ 19. ಐದನೇದು ಆಫ್ಟರ್‌ಮ್ಯಾತ್, ಅಂದ್ರೆ ಎಲ್ಲ ಆಗಿಹೋದ ಮೇಲಿನ ಪರಿಣಾಮ: ಅಕ್ಟೋಬರ್ 20ರಿಂದ ಡಿಸೆಂಬರ್ 31. ನಮ್ಮ ಸ್ವಾತಂತ್ರ್ಯ ದಿನ ಆಗಸ್ಟ್ 15 ಈ ಲೆಕ್ಕದಲ್ಲಿ ಕಚೇರಿ ಕಾರುಬಾರು ಮಾಸದ 8ನೇ ದಿನ. ನಗು ಬಂದ್ರೆ ತಪ್ಪಿಲ್ಲ, ಹೆಸರಿಟ್ಟಿರೋದೇ ಅದಕ್ಕೆ.

ವಾರದ ದಿನಗಳು: ಸ್ವೀಟ್‌ಮಾರ್ನ್, ಬೂಮ್‌ಟೈಮ್, ಪಂಜೆನ್‌ಡೇ, ಪ್ರಿಕಲ್-ಪ್ರಿಕಲ್, ಸೆಟಿಂಗ್ ಆರೆಂಜ್. ಪ್ರತಿ ಋತುವಿನ 5ನೇ ದಿನ ಮತ್ತು 50ನೇ ದಿನ ಹಬ್ಬ. ವರ್ಷಕ್ಕೆ ಒಟ್ಟು 10 ಹಬ್ಬ. ವರ್ಷದ ಸಂಖ್ಯೆ ಬೇಕಾದ್ರೆ ನಮ್ಮ ಇಂಗ್ಲಿಷ್ ವರ್ಷಕ್ಕೆ 1166 ಕೂಡಿಸಿ. 2024 ಅಂದ್ರೆ ಅವರಿಗೆ 3190.

ಪ್ರೋಗ್ರಾಂ ಒಳಗೆ ಏನಿದೆ?

ಈ ಕ್ಯಾಲೆಂಡರ್ ಪುಸ್ತಕದಿಂದ ಕಂಪ್ಯೂಟರಿಗೆ ಬಂದದ್ದು ಡಿಡೇಟ್ ಮೂಲಕ. ಇದು ಕಮಾಂಡ್ ಲೈನ್ ಪ್ರೋಗ್ರಾಂ. ಅಂದ್ರೆ ಇದಕ್ಕೆ ಐಕಾನ್ ಇಲ್ಲ, ಬಟನ್ ಇಲ್ಲ. ಕಪ್ಪು ಪರದೆ ಮೇಲೆ ಅದರ ಹೆಸರನ್ನ ಟೈಪ್ ಮಾಡಿ ಎಂಟರ್ ಒತ್ತಿದ್ರೆ, ಅದು ಒಂದೆರಡು ಸಾಲು ಉತ್ತರ ಬರೆದು ಸುಮ್ಮನಾಗುತ್ತೆ.

ಇದರ ವಿಶೇಷ ಏನು ಗೊತ್ತಾ? ಲಿನಕ್ಸ್ ಕಂಪ್ಯೂಟರುಗಳಲ್ಲಿ ಯುಟಿಲ್-ಲಿನಕ್ಸ್ ಅಂತ ಒಂದು ಮೂಲ ಉಪಕರಣಗಳ ಕಟ್ಟು ಇರುತ್ತೆ. ಡಿಸ್ಕ್ ಭಾಗ ಮಾಡೋದು, ಪೆನ್‌ಡ್ರೈವ್ ಜೋಡಿಸೋದು, ಇಂಥ ಗಂಭೀರ ಕೆಲಸದ ಪ್ರೋಗ್ರಾಂಗಳೆಲ್ಲ ಅದರಲ್ಲಿ. ಆ ಕಟ್ಟಿನೊಳಗೆ ವರ್ಷಗಟ್ಟಲೆ ಈ ತಮಾಷೆ ಪ್ರೋಗ್ರಾಂ ಕೂಡ ಕೂತಿತ್ತು. ಬ್ಯಾಂಕಿನ ಸರ್ವರ್ ಆಗಲಿ, ವಿಶ್ವವಿದ್ಯಾಲಯದ ಕಂಪ್ಯೂಟರ್ ಆಗಲಿ, ಲಿನಕ್ಸ್ ಹಾಕಿದ್ರೆ ಅನೇಕ ಕಡೆ ಜಗಳದೇವತೆಯ ಪಂಚಾಂಗವೂ ಜೊತೆಗೆ ಬರ್ತಿತ್ತು. 2010ರ ದಶಕದ ಶುರುವಿನಲ್ಲಿ ಅದನ್ನ ಆ ಕಟ್ಟಿನಿಂದ ಹೊರಗೆ ತೆಗೆದ್ರು. ಈಗ ಅದು ಪ್ರತ್ಯೇಕ ಪ್ರೋಗ್ರಾಂ. ಡೆಬಿಯನ್‌ನಂಥ ಲಿನಕ್ಸಲ್ಲಿ ಬೇಕು ಅನ್ನೋರು ಬೇರೆಯಾಗಿ ಹಾಕ್ಕೊಳ್ತಾರೆ.

ಅದರ ಮೂಲ ಕೋಡ್ ತೆರೆದು ನೋಡಿದ್ರೆ, ಕ್ಯಾಲೆಂಡರ್ ಬದಲಾಯಿಸೋ ಭಾಗ ಒಂದು ಪುಟ ಮೀರಲ್ಲ. ಲೆಕ್ಕದ ಉತ್ತರ ಇಟ್ಟುಕೊಳ್ಳೋ ಡಬ್ಬಿಗೆ ಬರೆದವರು 'ಫಂಕಿಚಿಕನ್ಸ್' ಅಂತ ಹೆಸರಿಟ್ಟಿದ್ದಾರೆ, ಮೋಜಿನ ಕೋಳಿಗಳು! ಹೆಸರು ಏನೇ ಇರಲಿ, ಲೆಕ್ಕ ಮಾತ್ರ ಪಕ್ಕಾ. ಅದನ್ನ ನೀವು ಈಗಲೇ ಫೋನಿನ ಕ್ಯಾಲ್ಕುಲೇಟರಲ್ಲಿ ಮಾಡಬಹುದು.

ಉದಾಹರಣೆಗೆ ನಮಗೆ ಹತ್ತಿರದ್ದೇ ಒಂದು ತಾರೀಕು ತಗೊಳ್ಳೋಣ: 1956ರ ನವೆಂಬರ್ 1. ಇದು ಯಾಕೆ ಹತ್ತಿರದ್ದು ಅಂದ್ರೆ, ಅದಕ್ಕಿಂತ ಮುಂಚೆ ನಮ್ಮ ಮೂರು ತಾಲೂಕು ಒಂದೇ ಸರ್ಕಾರದ ಕೆಳಗೆ ಇರಲಿಲ್ಲ. ಯಳಂದೂರು ಹಿಂದಿನಿಂದಲೂ ಮೈಸೂರಿನದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕಿದ ಊರು. ಕೊಳ್ಳೇಗಾಲ ಮಾತ್ರ, ಈಗಿನ ಹನೂರನ್ನೂ ಸೇರಿಸಿ, ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆ ಆದ ಆ ನವೆಂಬರ್ 1ಕ್ಕೆ ಅದು ಮೈಸೂರು ರಾಜ್ಯಕ್ಕೆ ಸೇರಿತು.

ಈಗ ಲೆಕ್ಕ. ಜನವರಿಯಿಂದ ಅಕ್ಟೋಬರ್ ಕೊನೆವರೆಗೆ, ಫೆಬ್ರವರಿಗೆ 28 ಅಂತ ಹಿಡಿದ್ರೆ, 304 ದಿನ. ನವೆಂಬರ್ 1 ಅಂದ್ರೆ 305ನೇ ದಿನ. ಅದರಲ್ಲಿ 1 ಕಳೀರಿ, ಯಾಕಂದ್ರೆ ಕಂಪ್ಯೂಟರ್ ಎಣಿಕೆ ಸೊನ್ನೆಯಿಂದ ಶುರು. 304 ಬಂತು. 304ನ್ನ 73ರಿಂದ ಭಾಗಿಸಿ: 4 ಸಲ ಹೋಗುತ್ತೆ, 12 ಉಳಿಯುತ್ತೆ. 4 ಋತು ಮುಗಿದಿದೆ, ಅಂದ್ರೆ ಈಗ ಐದನೇದು. 12 ದಿನ ಕಳೆದಿದೆ, ಅಂದ್ರೆ ಇವತ್ತು 13ನೇ ದಿನ. ಇನ್ನು ವಾರ: 304ನ್ನ 5ರಿಂದ ಭಾಗಿಸಿದ್ರೆ 4 ಉಳಿಯುತ್ತೆ. ಮೇಲಿನ ಪಟ್ಟಿಯಲ್ಲಿ ನಾಲ್ಕು ದಾಟಿ ಐದನೇ ಹೆಸರು. ವರ್ಷ: 1956ಕ್ಕೆ 1166 ಕೂಡಿಸಿದ್ರೆ 3122.

ಉತ್ತರ: ಸೆಟಿಂಗ್ ಆರೆಂಜ್, ಆಫ್ಟರ್‌ಮ್ಯಾತ್ 13, 3122. ನೀವು ಟರ್ಮಿನಲ್‌ನಲ್ಲಿ ಡಿಡೇಟ್ ಅಂತ ಬರೆದು, ಒಂದೊಂದು ಜಾಗ ಬಿಟ್ಟು 1, 11, 1956 ಅಂತ ಕೊಟ್ರೂ ಇದೇ ಬರುತ್ತೆ. ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ, ನಾವು ಬರೆಯೋ ಕ್ರಮವೇ.

ಇನ್ನೊಂದು ಗಮನಿಸಿ. 365ನ್ನ 5 ಸರಿಯಾಗಿ ಭಾಗಿಸೋದ್ರಿಂದ, ಈ ಕ್ಯಾಲೆಂಡರಲ್ಲಿ ನವೆಂಬರ್ 1 ಯಾವ ವರ್ಷ ಬಂದ್ರೂ ಸೆಟಿಂಗ್ ಆರೆಂಜೇ. ಒಂದು ವರ್ಷದ ಕ್ಯಾಲೆಂಡರ್ ಮುದ್ರಿಸಿದ್ರೆ ಸಾಕು, ಮೊಮ್ಮಕ್ಕಳ ಕಾಲದವರೆಗೂ ಅದನ್ನೇ ಗೋಡೆಗೆ ತಗಲುಹಾಕಬಹುದು.

ಹೆಚ್ಚಿನ ದಿನವನ್ನ ಎಲ್ಲಿ ಇಡೋದು?

ಹಾಗಾದ್ರೆ ಫೆಬ್ರವರಿ 29 ಏನಾಗುತ್ತೆ? 366ನ್ನ 5 ಭಾಗಿಸಲ್ಲ. ಇಲ್ಲೇ ಆ ಕ್ಯಾಲೆಂಡರಿನ ಜಾಣತನ ಇರೋದು. ಫೆಬ್ರವರಿ 29ಕ್ಕೆ ಅವರು ಸೇಂಟ್ ಟಿಬ್ಸ್ ಡೇ ಅಂತ ಹೆಸರಿಟ್ಟು, ಅದನ್ನ ಎಣಿಕೆಯಿಂದಲೇ ಹೊರಗಿಟ್ರು. ಅದು ಕೇಯಾಸ್ 59 ಮತ್ತು 60ರ ಮಧ್ಯೆ ಬರುತ್ತೆ. ಆದ್ರೆ ಅದಕ್ಕೆ ಋತು ಇಲ್ಲ, ದಿನದ ಸಂಖ್ಯೆ ಇಲ್ಲ, ವಾರವೂ ಇಲ್ಲ. ಪ್ರೋಗ್ರಾಂ ಕೂಡ ಹಾಗೇ ಮಾಡುತ್ತೆ. ಫೆಬ್ರವರಿ 29 ಬಂದ್ರೆ ದಿನದ ಜಾಗದಲ್ಲಿ ಮೈನಸ್ 1 ಅಂತ ಗುರುತು ಹಾಕಿ, ಬರೀ ಹಬ್ಬದ ಹೆಸರನ್ನ ಹೇಳಿ ಮುಂದಕ್ಕೆ ಹೋಗುತ್ತೆ. ಮಾರನೇ ದಿನ ಲೆಕ್ಕ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತೆ.

ಇದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಅಧಿಕ ಮಾಸ. ಅದೂ ಲೆಕ್ಕ ಸರಿಮಾಡೋಕೆ ಸೇರಿಸೋ ಹೆಚ್ಚಿನ ತಿಂಗಳು. ಆ ತಿಂಗಳಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಚೌಲ್ಟ್ರಿಯೋರು, ಅಡುಗೆ ಕಂಟ್ರಾಕ್ಟರುಗಳು, ವಾಲಗದೋರು ಖಾಲಿ ಕೂರ್ತಾರೆ. ಹೆಚ್ಚಾಗಿ ಬಂದ ಕಾಲವನ್ನ ದಿನನಿತ್ಯದ ವ್ಯವಹಾರದಿಂದ ಪಕ್ಕಕ್ಕಿಡೋದು ತಮಾಷೆ ಧರ್ಮಕ್ಕೂ ಹೊಳೀತು, ನಮ್ಮ ಜ್ಯೋತಿಷಿಗಳಿಗೂ ಶತಮಾನಗಳ ಹಿಂದೆಯೇ ಹೊಳೆದಿತ್ತು.

ಮಾದಪ್ಪನ ಅಮಾವಾಸ್ಯೆಗೆ ಒಂದು ಪುಟ ಸಾಕಾಗಲ್ಲ

ಈಗ ನಮ್ಮ ಕಡೆಯ ಪಂಚಾಂಗಕ್ಕೆ ಬರೋಣ. ಹನೂರು ತಾಲೂಕಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ವರ್ಷವನ್ನ ಲೆಕ್ಕ ಹಾಕೋದು ಅಮಾವಾಸ್ಯೆಯಿಂದ. ಪ್ರತಿ ಅಮಾವಾಸ್ಯೆಗೂ ಜನ ಸೇರ್ತಾರೆ. ಶಿವರಾತ್ರಿ, ಯುಗಾದಿ, ಮಹಾಲಯ, ದೀಪಾವಳಿ ಬಂದ್ರೆ ಜಾತ್ರೆ. ದೀಪಾವಳಿಗೆ ಬೇಡಗಂಪಣ ಸಮುದಾಯದ ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರು ಹೊತ್ತು ತರೋ ಹಾಲರವಿ. ಅತ್ತ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆಗೆ ಹುಣ್ಣಿಮೆ ಬೇಕು. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಚಿಕ್ಕ ಜಾತ್ರೆ ಸಂಕ್ರಾಂತಿಯ ಆಸುಪಾಸು. ಒಂದು ಬೆಟ್ಟಕ್ಕೆ ಚಂದ್ರ, ಇನ್ನೊಂದು ಬೆಟ್ಟಕ್ಕೆ ಸೂರ್ಯ. ಎರಡು ಕಡೆಗೂ ಹೋಗೋ ಮನೆಯೋರು ಎರಡೂ ಲೆಕ್ಕ ಇಟ್ಟುಕೊಂಡೇ ಬದುಕ್ತಾರೆ.

ಇದಕ್ಕೂ ಡಿಡೇಟ್ ಥರ ಒಂದು ಪುಟದ ಪ್ರೋಗ್ರಾಂ ಬರೀಬಹುದಾ? ಆಗಲ್ಲ. ಯಾಕೆ ಅಂತ ನೋಡಿ.

ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29.53 ದಿನ. ಅಂಥ 12 ತಿಂಗಳು ಸೇರಿದ್ರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಮ್ಮಿ. ಅದಕ್ಕೇ ಹಬ್ಬಗಳು ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತೆ. ಚಿಕ್ಕಲ್ಲೂರು ಜಾತ್ರೆಯ ಬನದ ಹುಣ್ಣಿಮೆಯನ್ನೇ ನೋಡಿ: 2024ರಲ್ಲಿ ಜನವರಿ 25, 2025ರಲ್ಲಿ ಜನವರಿ 13, 2026ರಲ್ಲಿ ಜನವರಿ 3. ಹೀಗೇ ಬಿಟ್ರೆ ಅದು ಡಿಸೆಂಬರಿಗೆ ಹೋಗಿ, ಆಮೇಲೆ ಮಳೆಗಾಲಕ್ಕೆ ಬಂದುಬಿಡುತ್ತೆ. ಅದನ್ನ ತಡೆಯೋಕೆ ಸುಮಾರು 32-33 ತಿಂಗಳಿಗೊಮ್ಮೆ ಅಧಿಕ ಮಾಸ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, 2026ಕ್ಕೆ ಅಧಿಕ ಜ್ಯೇಷ್ಠ. ಅದರಿಂದಾಗಿ 2027ಕ್ಕೆ ಬನದ ಹುಣ್ಣಿಮೆ ಮತ್ತೆ ಜನವರಿ 22ಕ್ಕೆ ಜಿಗಿಯುತ್ತೆ.

ಇಷ್ಟೇ ಆಗಿದ್ರೆ ಹೇಗೋ ಸೂತ್ರ ಮಾಡಬಹುದಿತ್ತು. ಆದ್ರೆ ತಿಥಿ ಅನ್ನೋದು 24 ಗಂಟೆಯ ದಿನ ಅಲ್ಲ. ಆಕಾಶದಲ್ಲಿ ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದಕ್ಕೆ ಹೋಗೋಕೆ ಎಷ್ಟು ಹೊತ್ತು ಬೇಕೋ ಅದು ಒಂದು ತಿಥಿ. ಚಂದ್ರ ಒಂದೇ ವೇಗದಲ್ಲಿ ಓಡಲ್ಲ. ಹಾಗಾಗಿ ಒಂದು ತಿಥಿ ಸುಮಾರು 20 ಗಂಟೆಗೇ ಮುಗೀಬಹುದು, ಇನ್ನೊಂದು 26 ಗಂಟೆವರೆಗೂ ಎಳೀಬಹುದು. ಬೆಳಿಗ್ಗೆ 11ಕ್ಕೆ ಶುರುವಾಗಬಹುದು, ರಾತ್ರಿ 2ಕ್ಕೆ ಶುರುವಾಗಬಹುದು. ಅದರ ಮೇಲೆ, ಯಾವ ಹಬ್ಬಕ್ಕೆ ಯಾವ ಹೊತ್ತಿನ ತಿಥಿ ನೋಡಬೇಕು ಅನ್ನೋದಕ್ಕೆ ಬೇರೆ ಬೇರೆ ನಿಯಮ. ಮಾಮೂಲಿ ದಿನಕ್ಕೆ ಸೂರ್ಯೋದಯದ ತಿಥಿ, ದೀಪಾವಳಿ ಲಕ್ಷ್ಮೀಪೂಜೆಗೆ ಸಂಜೆ ಹೊತ್ತಿನದು, ಶಿವರಾತ್ರಿಗೆ ನಡುರಾತ್ರಿಯದು.

2024ರ ದೀಪಾವಳಿಯಲ್ಲಿ ಆದ ಗಲಿಬಿಲಿ ನೆನಪಿರಬಹುದು. ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನದ ಮೇಲೆ ಶುರುವಾಗಿ ನವೆಂಬರ್ 1ರ ಸಂಜೆಗೆ ಮುಗೀತು. ಎರಡು ದಿನದ ಸಂಜೆಗೂ ಅಮಾವಾಸ್ಯೆ ತಾಗಿತು. ಪೂಜೆ ಯಾವತ್ತು ಅಂತ ದೇಶದ ತುಂಬ ಚರ್ಚೆ. ಡಿಡೇಟ್‌ಗೆ ಇಂಥ ತಲೆನೋವು ಬರಲ್ಲ, ಅಕ್ಟೋಬರ್ 31 ಅಂದ್ರೆ ಆಫ್ಟರ್‌ಮ್ಯಾತ್ 12, ಮುಗೀತು. ಆದ್ರೆ ಆಫ್ಟರ್‌ಮ್ಯಾತ್ 12ಕ್ಕೆ ಯಾರೂ ತಾಳಬೆಟ್ಟದಿಂದ ನಡ್ಕೊಂಡು ಬೆಟ್ಟ ಹತ್ತಲ್ಲ.

ಸಂಕ್ರಾಂತಿ ಸೂರ್ಯನ ಲೆಕ್ಕ, ಅದು ಜನವರಿ 14-15ಕ್ಕೇ ನಿಂತಿದೆ ಅಲ್ವಾ ಅಂತ ಕೇಳಬಹುದು. ಅದೂ ನಿಂತಿಲ್ಲ, ನಿಧಾನಕ್ಕೆ ಸರೀತಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿ ದಿನ. ಅವತ್ತಿನ ಇಂಗ್ಲಿಷ್ ತಾರೀಕು ಜನವರಿ 12. ನಮ್ಮ ಪಂಚಾಂಗ ವರ್ಷವನ್ನ ನಕ್ಷತ್ರಗಳ ಹಿನ್ನೆಲೆಯಲ್ಲಿ ಅಳೆಯುತ್ತೆ, ಇಂಗ್ಲಿಷ್ ಕ್ಯಾಲೆಂಡರ್ ಋತುಗಳ ಲೆಕ್ಕದಲ್ಲಿ. ಎರಡಕ್ಕೂ ಇರೋ ವ್ಯತ್ಯಾಸ ವರ್ಷಕ್ಕೆ ಸುಮಾರು 20 ನಿಮಿಷ. ಅದೇ ಕೂಡ್ತಾ ಕೂಡ್ತಾ 70-72 ವರ್ಷಕ್ಕೆ ಒಂದು ದಿನ ಆಗುತ್ತೆ.

ಸುಲಭದ ಕ್ಯಾಲೆಂಡರ್ ಕೊಟ್ಟರೂ ಯಾಕೆ ಯಾರೂ ತಗೊಳ್ಳಲಿಲ್ಲ?

ಇಷ್ಟು ಕಷ್ಟ ಯಾಕೆ, ಎಲ್ಲರಿಗೂ ಒಂದು ಸುಲಭದ ಕ್ಯಾಲೆಂಡರ್ ಮಾಡಿದ್ರಾಯ್ತು ಅಂತ ಸರ್ಕಾರಕ್ಕೂ ಅನ್ನಿಸಿತ್ತು. 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಕ್ಯಾಲೆಂಡರ್ ಸುಧಾರಣಾ ಸಮಿತಿ ರಚನೆಯಾಯ್ತು. ದೇಶದಲ್ಲಿ ಆಗ ಸುಮಾರು 30 ಬಗೆಯ ಪಂಚಾಂಗಗಳು ಬಳಕೆಯಲ್ಲಿದ್ದವು. ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಶಕ ವರ್ಷ, ಚೈತ್ರದಿಂದ ಫಾಲ್ಗುಣದವರೆಗೆ ನಮಗೆ ಗೊತ್ತಿರೋ ತಿಂಗಳ ಹೆಸರುಗಳೇ. ಆದ್ರೆ ಚಂದ್ರನ ಗೋಜಿಲ್ಲ. ಚೈತ್ರ 1 ಅಂದ್ರೆ ಯಾವಾಗಲೂ ಮಾರ್ಚ್ 22, ಅಧಿಕ ವರ್ಷದಲ್ಲಿ ಮಾತ್ರ ಮಾರ್ಚ್ 21. ನಮ್ಮ ರಾಜ್ಯೋತ್ಸವ ಅದರಲ್ಲಿ ಪ್ರತಿ ವರ್ಷ ಕಾರ್ತಿಕ 10. ಡಿಡೇಟ್‌ನಷ್ಟೇ ಚಿಕ್ಕ ಪ್ರೋಗ್ರಾಂ ಅದಕ್ಕೂ ಸಾಕು.

ಆ ಕ್ಯಾಲೆಂಡರ್ ಈಗಲೂ ಗೆಜೆಟ್‌ನಲ್ಲಿ ಇದೆ, ಆಕಾಶವಾಣಿಯಲ್ಲಿ ಕೇಳುತ್ತೆ. ಆದ್ರೆ ಕೊಳ್ಳೇಗಾಲದ ಸಂತೆಯಲ್ಲಿ ನಿಂತು ಇವತ್ತು ರಾಷ್ಟ್ರೀಯ ಪಂಚಾಂಗದ ಎಷ್ಟನೇ ತಾರೀಕು ಅಂತ ಕೇಳಿ ನೋಡಿ. ಅಮಾವಾಸ್ಯೆ ಇನ್ನೆಷ್ಟು ದಿನ ಇದೆ ಅಂತ ಕೇಳಿದ್ರೆ ಹತ್ತು ಜನ ಹೇಳ್ತಾರೆ.

ಅಂದ್ರೆ ಕ್ಯಾಲೆಂಡರ್ ಉಳಿಯೋದು ಅದರ ಲೆಕ್ಕ ಎಷ್ಟು ಸುಲಭ ಅನ್ನೋದರ ಮೇಲಲ್ಲ. ಆ ದಿನಕ್ಕೆ ಎಷ್ಟು ಜನ ಒಂದು ಕಡೆ ಸೇರ್ತಾರೆ, ಏನು ಕೊಡುಕೊಳ್ಳೋದು ನಡೆಯುತ್ತೆ ಅನ್ನೋದರ ಮೇಲೆ. ನಾನು ಓದಿದ್ದು ಬಿಕಾಂ. ನಮಗೆ ವರ್ಷ ಅಂದ್ರೆ ಏಪ್ರಿಲ್ 1ರಿಂದ ಮಾರ್ಚ್ 31. ಆಕಾಶದಲ್ಲಿ ಏಪ್ರಿಲ್ 1ಕ್ಕೆ ಏನೂ ಆಗಲ್ಲ. 1867ಕ್ಕೆ ಮುಂಚೆ ಇಲ್ಲಿನ ಸರ್ಕಾರದ ಹಣಕಾಸು ವರ್ಷ ಶುರುವಾಗ್ತಿದ್ದದ್ದು ಮೇ 1ಕ್ಕೆ. ಬ್ರಿಟಿಷರು ತಮ್ಮ ದೇಶದ ಲೆಕ್ಕಕ್ಕೆ ಹೊಂದಿಸೋಕೆ ಬದಲಾಯಿಸಿದ್ರು, ಇವತ್ತಿಗೂ ಅದೇ ನಡೀತಿದೆ. ತೆರಿಗೆ ಕಟ್ಟೋ ದಿನ ಅದಕ್ಕೆ ಗಂಟು ಹಾಕಿರೋದ್ರಿಂದ ಯಾರೂ ಮರೆಯಲ್ಲ.

ಜೂನ್ 1ರಂದು ಹುಟ್ಟಿದ ತಲೆಮಾರು

ಈಗ ಮೊದಲು ಹೇಳಿದ ವಿಷಯ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಇರೋ ಹಿರಿಯರ ಹುಟ್ಟಿದ ದಿನ ನೋಡಿ. ಶಾಲೆಗೆ ಹೋದವರಾದ್ರೆ ಎಷ್ಟೋ ಜನಕ್ಕೆ ಜೂನ್ 1. ಶಾಲೆ ಶುರುವಾಗೋ ಹೊತ್ತಿಗೆ ವಯಸ್ಸು ಸರಿಹೊಂದಲಿ ಅಂತ ಮೇಷ್ಟ್ರು ಬರ್ಕೊಂಡ ದಿನ. ಶಾಲೆಗೇ ಹೋಗದವರಾದ್ರೆ ಅಂದಾಜು ವಯಸ್ಸಿನಿಂದ ಹಿಂದಕ್ಕೆ ಎಣಿಸಿ ಹಾಕಿದ ಜನವರಿ 1. ಕುತೂಹಲಕ್ಕೆ ಡಿಡೇಟ್‌ಗೆ ಕೊಟ್ರೆ, ಜನವರಿ 1 ಅಂದ್ರೆ ಅವ್ಯವಸ್ಥೆ ಮಾಸದ 1ನೇ ದಿನ, ಜೂನ್ 1 ಅಂದ್ರೆ ಗೊಂದಲ ಮಾಸದ 6ನೇ ದಿನ. ತಮಾಷೆಗೆ ಮಾಡಿದ ಪ್ರೋಗ್ರಾಂ ಇಲ್ಲಿ ಅಪರೂಪಕ್ಕೆ ನಿಜ ನುಡೀತು!

ಈ ಹಿರಿಯರಿಗೆ ತಾವು ಹುಟ್ಟಿದ ದಿನ ಗೊತ್ತಿಲ್ಲ ಅಂತ ನಾವು ಅಂದ್ಕೊಂಡಿದ್ದೀವಿ. ತುಂಬ ಜನಕ್ಕೆ ಗೊತ್ತಿದೆ, ಅವರ ಕ್ಯಾಲೆಂಡರಲ್ಲಿ. ಒಬ್ಬ ಅಜ್ಜಿ ಹೀಗೆ ಹೇಳ್ತಾರೆ ಅಂದ್ಕೊಳ್ಳಿ: "ಕೊಳ್ಳೇಗಾಲ ಮೈಸೂರಿಗೆ ಸೇರ್ತಲ್ಲ, ಆ ವರ್ಸದ ದೀಪಾವಳಿ ಅಮಾಸೆ ದಿನ ನಾನು ಹುಟ್ಟಿದ್ದು ಅಂತ ನಮ್ಮವ್ವ ಏಳೋಳು ಕನಪ್ಪ." ಕಚೇರಿಯಲ್ಲಿ ಈ ಮಾತಿಗೆ ಒಂದು ಕಾಲಂ ಇಲ್ಲ. ಆದ್ರೆ ಇದು ಅಂದಾಜಲ್ಲ, ಪೂರ್ತಿ ತಾರೀಕು. ಬದಲಾಯಿಸೋದೊಂದೇ ಬಾಕಿ.

ಬದಲಾಯಿಸೋಣ. ವರ್ಷ 1956. ಆ ವರ್ಷದ ದೀಪಾವಳಿ ಅಮಾವಾಸ್ಯೆ ಬಿದ್ದದ್ದು ನವೆಂಬರ್ 2, ಶುಕ್ರವಾರ. ರಾಜ್ಯ ಬದಲಾದ ಮಾರನೇ ದಿನವೇ! ತಾಳೆ ನೋಡೋಕೆ ಒಂದು ಹಳೇ ಉಪಾಯ ಇದೆ: 19 ವರ್ಷಕ್ಕೊಮ್ಮೆ ಚಂದ್ರನ ತಿಂಗಳು ಮತ್ತು ಸೂರ್ಯನ ವರ್ಷ ಹೆಚ್ಚುಕಮ್ಮಿ ಒಂದೇ ಜಾಗಕ್ಕೆ ಬರುತ್ತೆ. 1956ಕ್ಕೆ 19 ಕೂಡಿಸ್ತಾ ಹೋಗಿ: 1975, 1994, 2013. ಈ ಮೂರೂ ವರ್ಷ ಆ ಅಮಾವಾಸ್ಯೆ ನವೆಂಬರ್ 3ಕ್ಕೆ ಮುಗಿದಿದೆ. ಒಂದು ದಿನದ ಅಂತರದಲ್ಲಿ ಲೆಕ್ಕ ಕೂಡುತ್ತೆ.

ಈಗ ಇದರ ಬೆಲೆ ನೋಡಿ. ಕರ್ನಾಟಕದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ವರ್ಷ ಆಗಿರಬೇಕು. 1956ರ ನವೆಂಬರ್ 2ರಂದು ಹುಟ್ಟಿದವರಿಗೆ 65 ತುಂಬೋದು 2021ರ ನವೆಂಬರ್ 2ಕ್ಕೆ. ಅದೇ ಅಜ್ಜಿಯ ಕಾರ್ಡಲ್ಲಿ ಅಂದಾಜಿಗೆ 1960ರ ಜನವರಿ 1 ಅಂತ ಬರೆದಿದ್ರೆ, 65 ತುಂಬೋದು 2025ರ ಜನವರಿ 1ಕ್ಕೆ. ನಡುವೆ ಹೋಗಿದ್ದು 38 ತಿಂಗಳು. ಒಂದು ತಾರೀಕನ್ನ ಬದಲಾಯಿಸದೆ ಬಿಟ್ಟಿದ್ದಕ್ಕೆ 38 ತಿಂಗಳ ಪಿಂಚಣಿ.

ಇಲ್ಲಿ ಒಂದು ಎಚ್ಚರಿಕೆ. ನೀವು ಲೆಕ್ಕ ಹಾಕಿ ತಂದ ತಾರೀಕು ದಾಖಲೆ ಆಗಲ್ಲ. ಕಚೇರಿ ಕೇಳೋದು ಜನನ ನೋಂದಣಿ, ಶಾಲೆಯ ದಾಖಲೆ, ಇಂಥವನ್ನ. ಆಧಾರ್ ಕಾರ್ಡನ್ನೇ ವಯಸ್ಸಿಗೆ ಪೂರ್ತಿ ಪುರಾವೆ ಅಂತ ಹಿಡಿಯೋಕಾಗಲ್ಲ ಅಂತ 2024ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಹೇಳಿದೆ. ಅಲ್ಲಿ ಶಾಲೆ ಬಿಟ್ಟ ಪ್ರಮಾಣಪತ್ರಕ್ಕೆ ಬೆಲೆ ಕೊಟ್ಟಿತು. ಹಾಗಾದ್ರೆ ಈ ಲೆಕ್ಕದಿಂದ ಏನು ಪ್ರಯೋಜನ? ಹುಡುಕೋ ಜಾಗ ಚಿಕ್ಕದಾಗುತ್ತೆ. ಯಾವ ವರ್ಷದ ರಿಜಿಸ್ಟರ್, ಯಾವ ತಿಂಗಳ ಪುಟ ಅಂತ ಗೊತ್ತಾದ್ರೆ ಕಚೇರಿಯಲ್ಲಿ ಕೇಳೋಕೆ ಒಂದು ಆಧಾರ ಸಿಗುತ್ತೆ. 1956ಕ್ಕಿಂತ ಮುಂಚೆ ಕೊಳ್ಳೇಗಾಲ, ಹನೂರು ಕಡೆ ಹುಟ್ಟಿದವರ ಕಾಲದ ಆಡಳಿತ ಕೊಯಮತ್ತೂರು ಜಿಲ್ಲೆಯದ್ದು, ಯಳಂದೂರಲ್ಲಿ ಹುಟ್ಟಿದವರದ್ದು ಮೈಸೂರಿನದ್ದು ಅನ್ನೋದನ್ನೂ ನೆನಪಿಡಿ.

ನಮ್ಮ ಮುಂದಿನ ಪೀಳಿಗೆಗೆ ಈ ಸಮಸ್ಯೆ ಇರಲ್ಲ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರೋದರಿಂದ ಹಿಡಿದು ಪಾಸ್‌ಪೋರ್ಟ್‌ವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನದ ದಾಖಲೆ ಅಂತ ತಿದ್ದುಪಡಿಯಾದ ಕಾನೂನು ಹೇಳುತ್ತೆ. ಅಮಾವಾಸ್ಯೆ ಲೆಕ್ಕದಲ್ಲಿ ಹುಟ್ಟುಹಬ್ಬ ಹೇಳೋ ಕೊನೇ ತಲೆಮಾರು ಈಗ ನಮ್ಮ ಮನೆಯ ಜಗಲಿ ಮೇಲೆ ಕೂತಿದೆ.

ಅದಕ್ಕೇ ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಅಜ್ಜಿಯೋ ತಾತನೋ ಹತ್ತಿರ ಕೂತು ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿ. "ಎಷ್ಟನೇ ಇಸವಿ" ಅಂತ ಕೇಳಬೇಡಿ, ಅವರ ಹತ್ತಿರ ಆ ಲೆಕ್ಕ ಇರಲ್ಲ. ಮೂರು ಪ್ರಶ್ನೆ ಕೇಳಿ. ಒಂದು, ನೀವು ಹುಟ್ಟಿದ ವರ್ಷ ಊರಲ್ಲಿ ಏನಾಗಿತ್ತು ಅಂತ ಮನೆಯೋರು ಹೇಳ್ತಿದ್ರು? ಬರ ಬಂದಿತ್ತಾ, ರಾಜ್ಯ ಬದಲಾಗಿತ್ತಾ, ಕೆರೆ ಒಡೆದಿತ್ತಾ? ಎರಡು, ಯಾವ ಹಬ್ಬ, ಯಾವ ಜಾತ್ರೆಯ ಹತ್ತಿರ? ಮೂರು, ಹಬ್ಬಕ್ಕೆ ಎಷ್ಟು ದಿನ ಮುಂಚೆ ಅಥವಾ ಆಮೇಲೆ, ಯಾವ ವಾರ? ಮೊದಲನೇ ಉತ್ತರ ವರ್ಷ ಕೊಡುತ್ತೆ, ಎರಡನೇದು ತಿಂಗಳು ಮತ್ತು ತಿಥಿ, ಮೂರನೇದು ದಿನ. ವಾರ ಗೊತ್ತಿದ್ರೆ ಇನ್ನೂ ಒಳ್ಳೇದು, ಲೆಕ್ಕ ತಪ್ಪಿದ್ರೆ ಅದು ತಕ್ಷಣ ಹಿಡಿಯುತ್ತೆ. ಆಮೇಲೆ ಹಳೇ ವರ್ಷಗಳನ್ನ ತೋರಿಸೋ ಯಾವುದಾದ್ರೂ ಪಂಚಾಂಗ ಆ್ಯಪ್ ತೆರೆದು ತಾರೀಕು ಹುಡುಕಿ, ಅವರ ಮಾತಿನ ಜೊತೆಗೇ ಬರೆದಿಡಿ.

ಎಲ್ಲ ಆದಮೇಲೆ ಮಜಾ ಬೇಕು ಅಂದ್ರೆ 73ರ ಭಾಗಾಕಾರ ಇದ್ದೇ ಇದೆ. ಮೇಲೆ ಹೇಳಿದ ಅಜ್ಜಿ ಹುಟ್ಟಿದ ನವೆಂಬರ್ 2, ಜಗಳದೇವತೆಯ ಲೆಕ್ಕದಲ್ಲಿ ಸ್ವೀಟ್‌ಮಾರ್ನ್, ಆಫ್ಟರ್‌ಮ್ಯಾತ್ 14. ನಿಮ್ಮ ಅಜ್ಜಿಯದ್ದು ಯಾವುದು ಬಂತು ಅಂತ ನಂಗೆ ವಾಯ್ಸ್ ಮೆಸೇಜ್ ಕಳಿಸಿ. ಅದರ ಜೊತೆಗೆ ಆ ವರ್ಷ ಊರಲ್ಲಿ ಏನಾಗಿತ್ತು ಅನ್ನೋದನ್ನ ಅವರ ದನಿಯಲ್ಲೇ ಕಳಿಸಿದ್ರೆ ಇನ್ನೂ ಖುಷಿ.